ಬ್ರಶ್ ರೋಬೋ ನಿಂತಲ್ಲೇ ನಡುಗುತ್ತಿದೆ, ದೊಡ್ಡ ಬ್ಯಾಟರಿ ಹಾಕಲೇ?

ಪ್ರಶ್ನೆ: ಟೂತ್‌ಬ್ರಶ್ಶಿನ ತಲೆ ಕತ್ತರಿಸಿ, ಅದರ ಮೇಲೆ ಹಳೆ ಮೊಬೈಲಿನ ವೈಬ್ರೇಷನ್ ಮೋಟಾರ್ ಮತ್ತು ಬಟನ್ ಸೆಲ್ ಅಂಟಿಸಿದೆ. ಗುಂಯ್ ಅನ್ನುತ್ತದೆ, ಆದರೆ ಮುಂದಕ್ಕೆ ಹೋಗುವುದಿಲ್ಲ. 9 ವೋಲ್ಟ್ ಬ್ಯಾಟರಿ ಹಾಕಿದರೆ ಓಡುತ್ತದಾ?

ಓಡುವುದಿಲ್ಲ. ದಯವಿಟ್ಟು ಹಾಕಬೇಡಿ. ಇದೇ ಉತ್ತರವನ್ನು ಎಷ್ಟೋ ಜನಕ್ಕೆ ಒಂದೊಂದು ಸಾಲಿನಲ್ಲಿ ಬರೆದು ಸಾಕಾಗಿದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ನೀವು ಜೋಡಿಸಿದ್ದು ಸರಿಯಾಗಿದೆ. ಮೋಟಾರ್ ಗುಂಯ್ ಅನ್ನುತ್ತಿದ್ದರೆ ವೈರು, ಸೆಲ್ಲು, ಟೇಪು ಎಲ್ಲವೂ ಸರಿ ಇದೆ ಅಂತಲೇ ಅರ್ಥ. ತಪ್ಪಿರುವುದು ಒಂದು ನಂಬಿಕೆಯಲ್ಲಿ: ಮೋಟಾರ್ ರೋಬೋವನ್ನು ಮುಂದಕ್ಕೆ ತಳ್ಳುತ್ತದೆ, ಹಾಗಾಗಿ ಶಕ್ತಿ ಜಾಸ್ತಿ ಕೊಟ್ಟರೆ ವೇಗ ಜಾಸ್ತಿ ಅನ್ನುವುದು.

ಈ ಮೋಟಾರಿಗೆ ಮುಂದೆ ಯಾವುದು, ಹಿಂದೆ ಯಾವುದು ಗೊತ್ತೇ ಇಲ್ಲ. ಒಳಗೆ ಒಂದು ಪಕ್ಕಕ್ಕೆ ಭಾರ ಇರುವ ಚಕ್ರ ನಿಮಿಷಕ್ಕೆ ಸುಮಾರು 10,000 ಸುತ್ತು ಸುತ್ತುತ್ತದೆ. ಅದರಿಂದ ಬ್ರಶ್ ಎಲ್ಲ ಕಡೆಗೂ ಅಲುಗುತ್ತದೆ, ಅಷ್ಟೇ. ಆ ಅಲುಗಾಟವನ್ನು ನಡಿಗೆ ಮಾಡುವುದು ಬ್ರಶ್ಶಿನ ಎಳೆಗಳು. ಎಳೆಗಳ ತುದಿ ಹಿಂದಕ್ಕೆ ವಾಲಿದೆ ಅಂದುಕೊಳ್ಳಿ. ಬ್ರಶ್ ಕೆಳಗೆ ಒತ್ತಿದಾಗ ತುದಿ ಮೇಜನ್ನು ಕಚ್ಚಿ ಹಿಡಿಯುತ್ತದೆ, ಎಳೆ ಇನ್ನಷ್ಟು ಬಾಗುತ್ತದೆ, ಮೈ ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಮೇಲೆದ್ದಾಗ ಹಿಡಿತ ಸಡಿಲವಾಗಿ ತುದಿಯೂ ಮುಂದಕ್ಕೆ ಜಾರಿಕೊಳ್ಳುತ್ತದೆ. ಇದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಆಗುವುದರಿಂದ ನಮ್ಮ ಕಣ್ಣಿಗೆ ಓಡಿದಂತೆ ಕಾಣುತ್ತದೆ.

ನಂಬಿಕೆ ಬರಲಿಲ್ವಾ? ಸೆಲ್ಲನ್ನು ತಿರುಗಿಸಿ ಹಾಕಿ. ಈಗ ಚಕ್ರ ಉಲ್ಟಾ ಸುತ್ತುತ್ತದೆ. ಸರಿಯಾಗಿ ನಡೆಯುವ ರೋಬೋ ಆಗಲೂ ಮುಂದಕ್ಕೇ ಹೋಗುತ್ತದೆ. ಹೆಚ್ಚೆಂದರೆ ಸ್ವಲ್ಪ ಎಡಕ್ಕೋ ಬಲಕ್ಕೋ ಎಳೆಯಬಹುದು. ಮೋಟಾರ್ ತಳ್ಳುತ್ತಿದ್ದರೆ ಅದು ಹಿಂದಕ್ಕೆ ಹೋಗಬೇಕಿತ್ತು, ಅಲ್ವಾ? ನಾನು ಇದನ್ನು ಮಾಡಿ ತೋರಿಸಿದಾಗ ಮಕ್ಕಳು ತಕ್ಷಣ ಒಪ್ಪುತ್ತಾರೆ. ದೊಡ್ಡವರು ಬ್ಯಾಟರಿಯ ಮಾತಿಗೇ ವಾಪಸ್ ಬರುತ್ತಾರೆ.

ಹಾಗಾದರೆ ಬ್ಯಾಟರಿಯ ಲೆಕ್ಕವನ್ನೂ ನೋಡಿಬಿಡೋಣ. ಸಿಆರ್2032 ಅನ್ನುವ ಬಟನ್ ಸೆಲ್ 3 ವೋಲ್ಟ್ ಕೊಡುತ್ತದೆ, ತೂಕ 3 ಗ್ರಾಂ ಆಸುಪಾಸು. 9 ವೋಲ್ಟ್ ಬ್ಯಾಟರಿ ಸುಮಾರು 45 ಗ್ರಾಂ. ಅಷ್ಟು ಭಾರ ಕೂತರೆ ಬ್ರಶ್ ಮೇಲೇಳುವುದೇ ಇಲ್ಲ, ಎಳೆಗಳು ಮೇಜಿಗೆ ಒತ್ತಿಕೊಂಡೇ ಇರುತ್ತವೆ. ಇನ್ನು ಮೋಟಾರ್ ಇರುವುದೇ 3 ವೋಲ್ಟಿಗೆ. ಅದರ ತಂತಿಯಲ್ಲಿ ಮೂರು ಪಟ್ಟು ಕರೆಂಟ್ ಹರಿದರೆ ಬಿಸಿ ಒಂಬತ್ತು ಪಟ್ಟು ಏರುತ್ತದೆ. ಸ್ವಲ್ಪ ಹೊತ್ತು ಕಿರುಚಿ ಸುಟ್ಟು ಹೋಗುತ್ತದೆ.

ನಿಮ್ಮ ಬ್ರಶ್ಶಿನಲ್ಲಿ ಎಳೆಗಳು ನೆಟ್ಟಗೆ ನಿಂತಿರಬೇಕು, ಇಲ್ಲವೇ ಅರ್ಧ ಆ ಕಡೆ, ಅರ್ಧ ಈ ಕಡೆ ವಾಲಿರಬೇಕು. ಪರೀಕ್ಷೆ ಸುಲಭ. ಸೆಲ್ ತೆಗೆದು, ಬ್ರಶ್ಶನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ತಳ್ಳಿ. ಒಂದು ಕಡೆ ಜಾರಬೇಕು, ಇನ್ನೊಂದು ಕಡೆ ತಡೆಯಬೇಕು. ಎರಡೂ ಕಡೆ ಒಂದೇ ಥರ ಇದ್ದರೆ ಯಾವ ಬ್ಯಾಟರಿ ಹಾಕಿದರೂ ಪ್ರಯೋಜನ ಇಲ್ಲ. ಎಳೆಗಳನ್ನು ಬಿಸಿ ನೀರಿನಲ್ಲಿ ಅದ್ದಿ, ಎಲ್ಲವನ್ನೂ ಒಂದೇ ಕಡೆಗೆ ಒತ್ತಿ, ಮೇಲೆ ಭಾರ ಇಟ್ಟು ಪೂರ್ತಿ ಆರುವವರೆಗೆ ಬಿಡಿ. ಆಮೇಲೆ ಮೋಟಾರ್, ಸೆಲ್ ಎರಡನ್ನೂ ನಟ್ಟ ನಡುವೆ ಅಂಟಿಸಿ. ನುಣುಪಾದ ಮೇಜಿನ ಮೇಲೆ ಬಿಡಿ, ಬಟ್ಟೆಯ ಮೇಲೆ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಟನ್ ಸೆಲ್ ಪುಟ್ಟ ಮಕ್ಕಳ ಕೈಗೆ ಸಿಗಬಾರದು. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಆಟ ಮುಗಿದ ಕೂಡಲೇ ತೆಗೆದು ಎತ್ತಿಡಿ.

ಮೋಟಾರೇ ಇಲ್ಲದೆ ಹೀಗೆ ನಡೆಯಲು ಆಗುತ್ತದಾ ಅಂತ ಯಾರೂ ಕೇಳುವುದಿಲ್ಲ. ನನಗೆ ತುಂಬಾ ಇಷ್ಟದ ವಿಷಯ ಅದು. ಕಾಡುಗೋಧಿಯ ಬೀಜಕ್ಕೆ ಎರಡು ಊಬುಗಳಿರುತ್ತವೆ, ಮೀಸೆಯಂಥ ಉದ್ದ ಕಡ್ಡಿಗಳು. ಹಗಲಿನ ಒಣ ಗಾಳಿಗೆ ಅವು ಹೊರಕ್ಕೆ ಬಾಗುತ್ತವೆ, ರಾತ್ರಿಯ ತೇವಕ್ಕೆ ನೆಟ್ಟಗಾಗುತ್ತವೆ. ಅವುಗಳ ಮೈಮೇಲಿನ ಸಣ್ಣ ಗಡಸು ರೋಮಗಳೆಲ್ಲ ಒಂದೇ ಕಡೆಗೆ ವಾಲಿರುವುದರಿಂದ ಬೀಜ ಹಿಂದಕ್ಕೆ ಜಾರುವುದಿಲ್ಲ. ದಿನ ದಿನವೂ ಇಷ್ಟಿಷ್ಟೇ ಮಣ್ಣಿಗೆ ಇಳಿಯುತ್ತದೆ. ಊಬು ಇರುವ ಒಂದು ಹುಲ್ಲಿನ ತೆನೆ ಸಿಕ್ಕರೆ, ಬುಡ ಭುಜದ ಕಡೆ ಇರುವಂತೆ ತುಂಬುತೋಳಿನ ಅಂಗಿಯೊಳಗೆ ಇಟ್ಟುಕೊಂಡು ಸ್ವಲ್ಪ ದೂರ ಕೈಬೀಸಿ ನಡೆಯಿರಿ. ಅದು ತಾನಾಗಿಯೇ ಮೇಲಕ್ಕೆ ಹತ್ತುತ್ತದೆ.