ಮಾಲಿಶ್‌ಗೆ ಬರುವಾಗ ಗುಳಿಗೆ ಚೀಟಿಯೂ ಜೊತೆಗಿರಲಿ

ಹೋದ ತಿಂಗಳು ಬೆಟಗೇರಿಯಿಂದ ನೇಕಾರರೊಬ್ಬರು ಧಾರವಾಡದ ನಮ್ಮ ಕ್ಲಿನಿಕ್ಕಿಗೆ ಬಂದರು. ಸೊಂಟ ನೋವು. ಬಂದವರೇ ಅಂಗಿ ಕಳಚಿ ಮಂಚದ ಮೇಲೆ ಬೋರಲು ಮಲಗಿಬಿಟ್ಟರು. "ಏನೂ ಕೇಳಬ್ಯಾಡ್ರಿ ಸರ, ಜೋರ ತಿಕ್ರಿ" ಅಂದರು.

ನಾನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದೆ. "ಮಗ್ಗದಾಗ ಹೆಂಗ ಕೂಡ್ತೀರಿ, ತೋರಸ್ರಿ." ಅವರು ನಗುತ್ತಲೇ ಇಲ್ಲದ ಮಗ್ಗವನ್ನು ನೇಯತೊಡಗಿದರು. ಕಾಲು ತುಳಿದಾಗಲೆಲ್ಲ ಮೈ ಎಡಕ್ಕೆ ವಾಲುತ್ತಿತ್ತು. ಮುಟ್ಟಿ ನೋಡಿದರೆ ಸೊಂಟಕ್ಕಿಂತ ಪಿರ್ರೆಯ ಸ್ನಾಯುವೇ ಜಾಸ್ತಿ ಬಿಗಿದಿತ್ತು. ದಿನಾ ಯಾವುದಾದರೂ ಗುಳಿಗೆ ತಗೋತೀರಾ ಅಂತ ಕೇಳಿದೆ. ಇಲ್ಲ ಅಂದರು. ಐದು ನಿಮಿಷದ ಮೇಲೆ ಮೊಬೈಲ್ ತೆಗೆಯುವಾಗ ಜೇಬಿನಿಂದ ಒಂದು ಗುಳಿಗೆ ಪಟ್ಟಿ ಬಿತ್ತು. ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡಿದ್ದರು, ಅದು ರಕ್ತ ತೆಳು ಮಾಡುವ ಗುಳಿಗೆ.

"ಇದು ಹಾರ್ಟಿಂದ್ರೀ ಸರ. ನೋವಿರೋದು ಸೊಂಟಕ್ಕ."

ಮೊದಲ ಸಲ ಬರುವವರಲ್ಲಿ ಇಂಥ ಮಾತು ನನಗೆ ಹೊಸದಲ್ಲ. ಏನು ಉಟ್ಟುಕೊಂಡು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಅಂತ ಫೋನಿನಲ್ಲಿ ಹತ್ತು ಸಲ ಕೇಳುತ್ತಾರೆ. ಮೈಯ ವಿಷಯ ಮಾತ್ರ ಹೇಳುವುದಿಲ್ಲ. ರಕ್ತ ತೆಳುವಾಗಿದ್ದರೆ ಜೋರಾಗಿ ಒತ್ತಿದಲ್ಲೆಲ್ಲ ನೀಲಿಗಟ್ಟುತ್ತದೆ, ಒಳಗೇ ರಕ್ತ ಸೋರಬಹುದು. ಅದಕ್ಕಾಗಿ ಗುಳಿಗೆ ನಿಲ್ಲಿಸಿ ಬರಬೇಡಿ ಮತ್ತೆ! ನಮಗೆ ಹೇಳಿದರೆ ಸಾಕು, ಕೈಯ ಭಾರ ಕಡಿಮೆ ಮಾಡುತ್ತೇವೆ. ಸಕ್ಕರೆ ಕಾಯಿಲೆಯೂ ಹಾಗೇ. ಕೆಲವರಿಗೆ ಪಾದದ ಸ್ಪರ್ಶವೇ ಹೋಗಿರುತ್ತದೆ. ಬಿಸಿ ಪ್ಯಾಕ್ ಇಟ್ಟರೆ ಸುಟ್ಟರೂ ಗೊತ್ತಾಗುವುದಿಲ್ಲ. ಬಸುರಿಯಾಗಿದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ, ಯಾವುದಾದರೂ ಎಣ್ಣೆ ಮೈಗೆ ಒಗ್ಗದಿದ್ದರೆ ಅದನ್ನೂ ಮೊದಲೇ ಹೇಳಿ.

ಕೆಲವು ಸಲ ಬರದೇ ಇರುವುದೇ ಸರಿ. ಜ್ವರ ಇದ್ದಾಗ ಬೇಡ. ಚರ್ಮದ ಮೇಲೆ ಕೀವು, ಹುಣ್ಣು, ಗಜಕರ್ಣ ಇದ್ದರೆ ವಾಸಿಯಾದ ಮೇಲೆ ಬನ್ನಿ. ನನಗೆ ನಿಜವಾಗಿ ಹೆದರಿಕೆ ಇರುವುದು ಇನ್ನೊಂದರದ್ದು. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿರುತ್ತಾರೆ, ಇಲ್ಲವೇ ಆಪರೇಷನ್ ಆಗಿ ವಾರಗಟ್ಟಲೆ ಮಲಗಿರುತ್ತಾರೆ. ಆಮೇಲೆ ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯತೊಡಗುತ್ತದೆ. ಮನೆಯವರು 'ಉಳುಕಿರಬೇಕು, ತಿಕ್ಕಿಸಿಕೋ' ಅನ್ನುತ್ತಾರೆ. ತಿಕ್ಕಿಸಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಗಡ್ಡೆ ಜಾರಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸೊಂಟ ನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ನೇರ ಆಸ್ಪತ್ರೆಗೆ.

ಉಳಿದ ತಯಾರಿ ಸುಲಭ. ಊಟ ಮಾಡಿ ಒಂದೂವರೆ ಎರಡು ತಾಸು ಬಿಟ್ಟು ಬನ್ನಿ. ಎರಡು ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಲೋಟ ಮಜ್ಜಿಗೆ ಕುಡಿದು ಬೋರಲು ಮಲಗಿ ನೋಡಿ, ಗೊತ್ತಾಗುತ್ತದೆ. ಸ್ನಾನ ಮಾಡಿ, ಎಣ್ಣೆ ಹತ್ತಿದರೂ ಬೇಜಾರಾಗದ ಸಡಿಲ ಬಟ್ಟೆ ಹಾಕಿ. ಉಂಗುರ, ಸರ ಮನೆಯಲ್ಲೇ ಇರಲಿ. ಹತ್ತು ನಿಮಿಷ ಮುಂಚೆ ಬಂದರೆ ಒಳ್ಳೆಯದು.

ಬಟ್ಟೆ ಎಷ್ಟು ತೆಗೆಯಬೇಕು ಅಂತ ಬಾಯಿಬಿಟ್ಟು ಕೇಳಲು ಬಹಳ ಜನ ನಾಚುತ್ತಾರೆ. ಎಷ್ಟು ತೆಗೆಯಬೇಕೆಂದು ತೀರ್ಮಾನಿಸುವವರು ನೀವು. ಕೈಯಾಡಿಸುವ ಜಾಗ ಬಿಟ್ಟು ಉಳಿದ ಮೈಯನ್ನು ಚಾದರ ಹೊದಿಸಿ ಮುಚ್ಚಿರಬೇಕು. ಹೆಣ್ಣುಮಕ್ಕಳು ಹೆಣ್ಣು ಥೆರಪಿಸ್ಟೇ ಬೇಕು ಅನ್ನಬಹುದು, ಜೊತೆಗೆ ಅವ್ವನನ್ನೋ ಅಕ್ಕನನ್ನೋ ಕೂರಿಸಿಕೊಳ್ಳಬಹುದು. ಸರಿ ಅನ್ನಿಸದಿದ್ದರೆ ಅರ್ಧಕ್ಕೇ ಎದ್ದುಬಿಡಿ.

ಇನ್ನು ನಮ್ಮ ಭಾಗದ ಒಂದು ಹುಚ್ಚು, ನೋವಾದಷ್ಟೂ ಗುಣ ಅನ್ನುವುದು. ಗರಡಿ ಮನೆಯ ಪೈಲ್ವಾನರನ್ನು ನೋಡಿ ಬಂದದ್ದೋ ಏನೋ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅಕ್ಕನೊಬ್ಬರು ಕುತ್ತಿಗೆ ನೋವಿಗೆ ಬಂದಿದ್ದರು. ನಮ್ಮಲ್ಲಿರುವ ಹೆಣ್ಣುಮಗಳೇ ಅವರನ್ನು ನೋಡಿದ್ದು. ಆ ಅಕ್ಕ ತುಟಿಪಿಟಕ್ಕೆನ್ನಲಿಲ್ಲ. ಆದರೆ ಮಂಚದ ಅಂಚು ಹಿಡಿದ ಬೆರಳು ಬೆಳ್ಳಗಾಗಿದ್ದವು. ನೋಯುತ್ತಿದೆಯಾ ಅಂದರೆ "ತಡಕೋತೇನ್ರಿ" ಅಂದರಂತೆ. ಉಸಿರು ಬಿಗಿಹಿಡಿದರೆ ಸ್ನಾಯುವೂ ಬಿಗಿಯುತ್ತದೆ, ಸಡಿಲ ಮಾಡಲು ಬಂದ ಕೈ ಸುಮ್ನೆ ಅದರ ಜೊತೆ ಗುದ್ದಾಡುತ್ತದೆ. ಹತ್ತಕ್ಕೆ ಐದು ಆರರಷ್ಟು, 'ಹಾಂ, ಅಲ್ಲೇ' ಅನ್ನುವಂಥ ನೋವು ಸಾಕು. ಅದಕ್ಕಿಂತ ಜಾಸ್ತಿಯಾದರೆ ಕೂಗಿ, ನಮಗೇನೂ ಬೇಜಾರಿಲ್ಲ.

ಮಾರನೇ ದಿನ ಮೈ ಸ್ವಲ್ಪ ನೊಂದಂತೆ ಇರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಅದನ್ನು 'ಮೈಯೊಳಗಿನ ವಿಷ ಹೊರಗೆ ಬರುತ್ತಿದೆ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕೆಲಸಕ್ಕೆ ಕಿಡ್ನಿ, ಲಿವರ್ ಇವೆ.

ಬೆಟಗೇರಿಯವರು ಮುಂದಿನ ವಾರ ಮತ್ತೆ ಬಂದರು. ಈ ಸಲ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಮನೆಯಲ್ಲಿದ್ದ ಗುಳಿಗೆಯನ್ನೆಲ್ಲ ನನ್ನ ಮೇಜಿನ ಮೇಲೆ ಸುರಿದರು. ಅದರಲ್ಲಿ ಅವರ ಮನೆಯವರ ಥೈರಾಯ್ಡ್ ಗುಳಿಗೆಯೂ ಇತ್ತು.