ಪ್ಲ್ಯಾನ್ ದೊಡ್ಡದು ಮಾಡಿಸಿದರೆ ಒಳಗಿನ ಖೋಲಿಗೆ ವೈಫೈ ಬರುತ್ತದೆಯೇ?

ಸಿಂಧನೂರಿನ ಓದುಗರೊಬ್ಬರ ಪ್ರಶ್ನೆ: "ಸರ್, ಮನಿಗೆ 100 ಎಂಬಿಪಿಎಸ್ ಫೈಬರ್ ಹಾಕ್ಸೀವಿ. ಪಡಸಾಲ್ಯಾಗ ಚೊಲೋ ಬರ್ತದ. ಒಳಗಿನ ಖೋಲಿಯಾಗ ಮಗಳು ಓದ್ಲಿಕ್ಕೆ ಕುಂದರ್ತಾಳ, ಅಲ್ಲಿ ವಿಡಿಯೊ ಬರೇ ಸುತ್ತತದ. ಕಂಪನಿಯವ್ರಿಗೆ ಫೋನ್ ಹಚ್ಚಿದ್ರ 300 ಎಂಬಿಪಿಎಸ್ ಪ್ಲ್ಯಾನ್ ತಗೋರಿ ಅಂತಾರ. ತಗೋಬೇಕೇನ್ರಿ?"

ತಗೋಬ್ಯಾಡ್ರಿ. ಮೊದಲು ಮಗಳು ಕೂತ ಖೋಲಿಯ ಗೋಡೆ ಎಷ್ಟು ದಪ್ಪ ಇದೆ ನೋಡಿ.

ಬೇಸಿಗೆ ಬಂತೆಂದರೆ ಇದೇ ಪ್ರಶ್ನೆ ಮಾನ್ವಿಯಿಂದ, ಲಿಂಗಸುಗೂರಿನಿಂದ, ರಾಯಚೂರಿನ ಹಳೆ ಊರಿನಿಂದ ನನಗೆ ಬರುತ್ತದೆ. ಕೇಳುವವರು ಬೇರೆ ಬೇರೆ, ಮನೆಯ ನಕ್ಷೆ ಹೆಚ್ಚುಕಡಿಮೆ ಒಂದೇ. ಮುಂದೆ ಪಡಸಾಲೆ, ನಡುವೆ ಒಂದೂವರೆ ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಅದರಾಚೆ ಕತ್ತಲು ಕತ್ತಲಾದ ತಂಪು ಖೋಲಿ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಮನೆಮಂದಿಯೆಲ್ಲ ಸೇರುವುದು ಅಲ್ಲಿಗೇ. ಬಿಸಿಲನ್ನು ಹೊರಗೆ ನಿಲ್ಲಿಸುವ ಆ ಗೋಡೆ ವೈಫೈಯನ್ನೂ ಹೊರಗೇ ನಿಲ್ಲಿಸುತ್ತದೆ.

ನೀವು ದುಡ್ಡು ಕಟ್ಟುವ 100 ಎಂಬಿಪಿಎಸ್ ಎಂಬುದು ಕಂಬದಿಂದ ನಿಮ್ಮ ಮನೆಯ ವೈಫೈ ಡಬ್ಬಿಯವರೆಗಿನ, ಅಂದರೆ ರೂಟರ್‌ವರೆಗಿನ ಲೆಕ್ಕ. ಡಬ್ಬಿಯಿಂದ ಮಗಳ ಕೈಯಲ್ಲಿರುವ ಫೋನಿನವರೆಗೆ ರೇಡಿಯೊ ಅಲೆ ಹೋಗಬೇಕು, ಅದಕ್ಕೂ ಪ್ಲ್ಯಾನಿಗೂ ಸಂಬಂಧವಿಲ್ಲ. ನೀವು ತುಂಗಭದ್ರಾ ಎಡದಂಡೆ ಕಾಲುವೆಯ ಊರಿನವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ್ಯ ಕಾಲುವೆಗೆ ಎಷ್ಟು ನೀರು ಬಿಟ್ಟರೂ ನಿಮ್ಮ ಹೊಲದ ತೂಬಿನಲ್ಲಿ ಹೂಳು ತುಂಬಿದ್ದರೆ ಗದ್ದೆ ಒಣಗುತ್ತದೆ. 300ರ ಪ್ಲ್ಯಾನ್ ಎಂದರೆ ಕಾಲುವೆಗೆ ಇನ್ನಷ್ಟು ನೀರು, ಅಷ್ಟೇ. ತೂಬು ಇದ್ದ ಹಾಗೇ ಇರುತ್ತದೆ.

ಹೋದ ಬೇಸಿಗೆಯಲ್ಲಿ ರಾಯಚೂರಿನ ಹಳೆ ಊರಿನಲ್ಲಿರುವ ಅಕ್ಕನ ಮನೆಯಲ್ಲಿ ಇದನ್ನೇ ಅಳೆದು ನೋಡಿದೆ. ಫೋನಿನಲ್ಲಿ ಸಿಗ್ನಲ್ ತೋರಿಸುವ ಪುಕ್ಕಟೆ ಆ್ಯಪ್‌ಗಳಿವೆ, ಅಂಥದೊಂದನ್ನು ಹಾಕಿಕೊಂಡು ಡಬ್ಬಿಯ ಪಕ್ಕ ನಿಂತೆ: ಮೈನಸ್ 41 ಡಿಬಿಎಂ (ಇದು ಸಿಗ್ನಲಿನ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಹೊಸ್ತಿಲ ಮೇಲೆ ಮೈನಸ್ 56. ಒಳಗೆ ಮಂಚದ ಹತ್ತಿರ ಮೈನಸ್ 79. ಈ ಲೆಕ್ಕದಲ್ಲಿ 10 ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ, 20 ಇಳಿದರೆ ನೂರರಲ್ಲಿ ಒಂದು ಪಾಲು. 41ರಿಂದ 79ಕ್ಕೆ ಇಳಿದರೆ ಉಳಿಯುವುದು ಆರು ಸಾವಿರದಲ್ಲಿ ಒಂದು ಪಾಲು. ಡಬ್ಬಿಯ ಪಕ್ಕ 94 ಎಂಬಿಪಿಎಸ್ ಬರುತ್ತಿದ್ದದ್ದು ಮಂಚದ ಹತ್ತಿರ 6ಕ್ಕೆ ಬಂದಿತ್ತು.

ಇನ್ನೊಂದು ವಿಷಯ ನನಗೂ ಅಲ್ಲೇ ಹೊಳೆದದ್ದು. "ಬ್ಯಾಸಗ್ಯಾಗ ಕಂಪನಿಯವ್ರು ನೆಟ್ ಕಮ್ಮಿ ಬಿಡ್ತಾರ ನೋಡಪಾ, ಮಳಿಗಾಲ್ದಾಗ ಚೊಲೋ ಇರ್ತದ" ಎಂದಳು ಅಕ್ಕ. ಡಬ್ಬಿ ಇದ್ದದ್ದು ಕಿಟಕಿಯ ಕಟ್ಟೆಯ ಮೇಲೆ. ಅದರ ಮುಂದೆಯೇ ಎದೆಯೆತ್ತರದ ತಗಡಿನ ಕೂಲರ್, ತಳದಲ್ಲಿ ಕೊಡಗಟ್ಟಲೆ ನೀರು. ತಗಡು ಅಲೆಯನ್ನು ತಿರುಗಿಸಿ ಹೊಡೆಯುತ್ತದೆ, ನೀರು ನುಂಗುತ್ತದೆ. ಕೂಲರ್ ಅನ್ನು ಎರಡು ಮಾರು ಪಕ್ಕಕ್ಕೆ ಎಳೆದು ಮತ್ತೆ ಅಳೆದರೆ ಮಂಚದ ಹತ್ತಿರ ಮೈನಸ್ 73 ಬಂತು. ನಾಲ್ಕು ಪಾಲು ಹೆಚ್ಚು ಸಿಗ್ನಲ್, ಒಂದು ರೂಪಾಯಿ ಖರ್ಚಿಲ್ಲ. ಅಲಮಾರಿ, ಫ್ರಿಜ್, ದೊಡ್ಡ ಕನ್ನಡಿ ಇವೂ ಇದೇ ಕೆಲಸ ಮಾಡುತ್ತವೆ. ಡಬ್ಬಿಗೆ ಪಡುವಣ ಬಿಸಿಲು ನೇರ ಬೀಳುತ್ತಿತ್ತು, ಅದೂ ಸರಿಯಲ್ಲ. ಮನೆಯಲ್ಲಿಡುವ ಎಷ್ಟೋ ರೂಟರ್‌ಗಳ ಜೊತೆ ಬರುವ ಚೀಟಿಯಲ್ಲಿ 0ಯಿಂದ 40 ಡಿಗ್ರಿವರೆಗೆ ಎಂದೇ ಬರೆದಿರುತ್ತದೆ. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಕಿಟಕಿ ಕಟ್ಟೆಯ ಮೇಲೆ ಅದಕ್ಕಿಂತ ಹೆಚ್ಚೇ ಇರುತ್ತದೆ.

ಡಬ್ಬಿ ಕಿಟಕಿಗೆ ಬಂದದ್ದಾದರೂ ಹೇಗೆ? ಲೈನ್ ಹಾಕಲು ಬಂದ ಹುಡುಗ ಕಂಬಕ್ಕೆ ಹತ್ತಿರದ ಕಿಟಕಿಯಲ್ಲಿ ಫೈಬರ್ ತೂರಿಸಿ, ಅಲ್ಲೇ ಮೊಳೆ ಹೊಡೆದು ಹೋಗುತ್ತಾನೆ. ಈ ರೂಢಿಯ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ. ಇನ್ನು ಹತ್ತು ಮೀಟರ್ ಫೈಬರ್ ಒಳಗೆ ಎಳೆದರೆ ಡಬ್ಬಿ ಮನೆಯ ನಡುವೆ ಬರುತ್ತದೆ, ಅರ್ಧ ತೊಂದರೆ ಅಂದೇ ಮುಗಿಯುತ್ತದೆ. ಹೊಸ ಲೈನ್ ಹಾಕಿಸುವವರು ಆ ಹುಡುಗ ಏಣಿ ಮಡಚುವ ಮೊದಲೇ ಇದನ್ನು ಕೇಳಿ ಮಾಡಿಸಿಕೊಳ್ಳಿ. ಆಮೇಲೆ ಕರೆದರೆ ಬರುವುದು ಕಷ್ಟ.

ಫೋನಿನ ವೈಫೈ ಪಟ್ಟಿಯಲ್ಲಿ ಒಂದೇ ವೈಫೈಗೆ ಎರಡು ಹೆಸರು ಕಾಣುತ್ತವಲ್ಲ, ಒಂದರ ತುದಿಗೆ 5ಜಿ ಎಂದಿರುತ್ತದೆ. ಅದು ಮೊಬೈಲಿನ 5ಜಿ ಅಲ್ಲ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ 5ಜಿ ಎಂದರೆ ಐದನೆಯ ತಲೆಮಾರಿನ ಮೊಬೈಲ್ ಜಾಲ. ನಿಮ್ಮ ಡಬ್ಬಿಯ ಮೇಲಿರುವುದು 5 ಗಿಗಾಹರ್ಟ್ಸ್ ಎಂಬ ಅಲೆಯ ಲೆಕ್ಕ. ಅದು ವೇಗದ್ದು, ಆದರೆ ದಪ್ಪ ಗೋಡೆಯ ಮುಂದೆ ಬೇಗ ಸೋಲುತ್ತದೆ. ಇನ್ನೊಂದು 2.4 ಗಿಗಾಹರ್ಟ್ಸ್, ನಿಧಾನದ್ದು, ಆದರೆ ಗೋಡೆ ದಾಟುವುದರಲ್ಲಿ ಅದರ ಕೈ ಮೇಲು. ಅಕ್ಕನ ಮಂಚದ ಹತ್ತಿರ 5ರಲ್ಲಿ 6 ಎಂಬಿಪಿಎಸ್ ಇದ್ದಾಗ 2.4ರಲ್ಲಿ 19 ಬಂತು. ಒಳಗಿನ ಖೋಲಿಯಲ್ಲಿ ಕೂತಾಗ ಮಗಳಿಗೆ 5ಜಿ ಎಂದಿರದ ಹೆಸರನ್ನು ಹಿಡಿಯಲು ಹೇಳಿ, ಇವತ್ತಿನ ಓದು ಸಾಗಲಿ.

19 ಎಂಬಿಪಿಎಸ್ ಸಾಕಾಗುತ್ತದೆಯೇ ಎಂದರೆ, ಸಾಕು. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ 1080ಪಿ ವಿಡಿಯೊಗೆ 5 ಎಂಬಿಪಿಎಸ್, 4ಕೆ ವಿಡಿಯೊಗೆ 15 ಬೇಕು. ಆನ್‌ಲೈನ್ ಪಾಠಕ್ಕೆ ಅಷ್ಟೂ ಬೇಡ. ಮನೆಯಲ್ಲಿ ನಾಲ್ಕು ಜನ ಏಕಕಾಲಕ್ಕೆ 1080ಪಿ ವಿಡಿಯೊ ನೋಡಿದರೂ 100ರಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿಯುತ್ತದೆ. ಡೌನ್‌ಲೋಡ್ ಮಾಡುವಾಗ ಪರದೆಯ ಮೇಲೆ ಸೆಕೆಂಡಿಗೆ 12 ಎಂಬಿ ಎಂದು ಕಂಡರೆ ಗಾಬರಿಯಾಗಬೇಡಿ. ಅದು ಬೈಟಿನ ಲೆಕ್ಕ, ಎಂಬಿಪಿಎಸ್ ಬಿಟ್‌ನ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ. ಮೋಸವೇನೂ ಆಗಿಲ್ಲ.

ಇನ್ನು ಪಕ್ಕಾ ಪರಿಹಾರ. ಗೋಡೆ ದಾಟಬೇಕಾದದ್ದು ವೈಫೈ ಅಲ್ಲ, ತಂತಿ. ಅಕ್ಕನ ಮನೆಯಲ್ಲಿ ಗೋಡೆಗೆ ತೂತು ಹೊಡೆಯುವ ಮಾತೇ ಇರಲಿಲ್ಲ. ಖೋಲಿಯ ಮೇಲೊಂದು ಬೆಳಕಿಂಡಿ ಇತ್ತು, ಅದರೊಳಗಿಂದ 14 ಮೀಟರ್ ಲ್ಯಾನ್ ಕೇಬಲ್ ಇಳಿಸಿದೆವು. ಒಂದು ತುದಿ ಕಂಪನಿಯ ಡಬ್ಬಿಗೆ, ಇನ್ನೊಂದು ತುದಿ ಅಟ್ಟದ ಮೇಲೆ ದೂಳು ತಿನ್ನುತ್ತಿದ್ದ ಹಳೇ ರೂಟರ್‌ಗೆ. ಅದರಲ್ಲಿ ಆ್ಯಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವುದಷ್ಟೇ ಕೆಲಸ) ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿದರೆ ಮುಗಿಯಿತು. ಇರದಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ಕೆಲಸ) ಬಂದ್ ಮಾಡಿ, ಅದರ ಐಪಿ ವಿಳಾಸ ಮೊದಲ ಡಬ್ಬಿಯದಕ್ಕಿಂತ ಬೇರೆ ಇಡಿ, ಕೇಬಲನ್ನು ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಿ. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ. ಪಡಸಾಲೆಯಿಂದ ಒಳಗೆ ನಡೆದು ಬಂದರೆ ಫೋನ್ ಹೆಚ್ಚಿನ ಸಲ ತಾನೇ ಹತ್ತಿರದ ಡಬ್ಬಿ ಹಿಡಿಯುತ್ತದೆ. ಅಂದು ಸಂಜೆ ಮಂಚದ ಹತ್ತಿರ 92 ಎಂಬಿಪಿಎಸ್ ಬಂತು. ಅದೇ ಪ್ಲ್ಯಾನ್, ಅದೇ ಕಂಪನಿ.

ಕೇಬಲ್ ಕೊಳ್ಳುವಾಗ ಹುಷಾರು. ಕ್ಯಾಟ್ 6 (ಲ್ಯಾನ್ ಕೇಬಲಿನ ಒಂದು ದರ್ಜೆ) ಎಂದು ಮೇಲೆ ಅಚ್ಚು ಹಾಕಿ ಒಳಗೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುವ ಮಾಲು ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡವೆಂದು ಹೇಳಿ ಎದ್ದು ಬನ್ನಿ. ಕೇಬಲಿನ ತುದಿಗೆ ಪಿನ್ ಕೂರಿಸಿ ಕ್ರಿಂಪ್ ಮಾಡಿಸುವಾಗ ಎಂಟೂ ಎಳೆ ಹಾಕಿಸಿ. ನಾಲ್ಕೇ ಎಳೆ ಹಾಕಿದರೂ ಕೆಲಸ ಮಾಡುತ್ತದೆ, ಆದರೆ 100ರ ಆಚೆ ಎಂದೂ ಹೋಗುವುದಿಲ್ಲ. ಒಂದು ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ಹಾಗಾಗಿ ಮನೆಯೊಳಗೆ ಉದ್ದದ ಚಿಂತೆ ಇಲ್ಲ. ಮಾಳಿಗೆಯ ಮೇಲೆ ಬಯಲಲ್ಲಿ ಮಾತ್ರ ಎಳೆಯಬೇಡಿ. ಮುಂಗಾರಿಗೆ ಮೊದಲಿನ ಸಿಡಿಲು ಹತ್ತಿರದಲ್ಲಿ ಎಲ್ಲೋ ಬಿದ್ದರೂ ತಾಮ್ರದ ಗುಂಟ ವಿದ್ಯುತ್ ನುಗ್ಗಿ ಎರಡೂ ಡಬ್ಬಿ ಸುಟ್ಟುಹೋಗಬಹುದು.

ವೈಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ, ಪ್ಲಗ್‌ಗೆ ಸಿಕ್ಕಿಸುವ ರಿಪೀಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಾನು ಕೊಳ್ಳಿ ಎನ್ನುವುದಿಲ್ಲ. ಅಗ್ಗದ ರಿಪೀಟರ್ ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಅದೇ ಅಲೆಯಲ್ಲಿ ಹೇಳಬೇಕು, ವೇಗದ ಅರ್ಧ ಅಲ್ಲೇ ಹೋಗುತ್ತದೆ. ಸಾಲದ್ದಕ್ಕೆ ಜನ ಅದನ್ನು ಸಿಗ್ನಲ್ ಸಿಗದ ಖೋಲಿಯೊಳಗೇ ಸಿಕ್ಕಿಸುತ್ತಾರೆ, ತನಗೇ ಕೇಳಿಸದ್ದನ್ನು ಅದು ಯಾರಿಗೆ ಹೇಳೀತು? ಮೆಶ್ (ಎರಡು ಮೂರು ಡಬ್ಬಿ ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವ ಸೆಟ್) ಒಳ್ಳೆಯ ವಸ್ತು, ದುಬಾರಿ, ತಂತಿಯಿಲ್ಲದೆ ಇಟ್ಟರೆ ಅದಕ್ಕೂ ಈ ಗೋಡೆಯೇ ಅಡ್ಡ.

ಪ್ಲ್ಯಾನ್ ಬೇಡವೆಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನೂ ಒಮ್ಮೆ ಇದೇ ಮಾತು ಕೇಳಿ ಒಂದು ವರ್ಷ ಪೂರ್ತಿ ದೊಡ್ಡ ಪ್ಲ್ಯಾನಿಗೆ ಹಣ ಕಟ್ಟಿದ್ದೇನೆ. ಒಳಗಿನ ಖೋಲಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಫೋನಿನಲ್ಲಿ ಮಾತಾಡಿದವರು ಡಬ್ಬಿ ಎಲ್ಲಿದೆ, ನೀವೆಲ್ಲಿ ಕೂರುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ.

ಕಂಪನಿಯದೇ ತಪ್ಪಿರುವ ಮನೆಗಳೂ ಇವೆ, ಅದನ್ನು ಕಂಡುಹಿಡಿಯುವುದು ಸುಲಭ. ರಾತ್ರಿ ಒಂಬತ್ತರ ಹೊತ್ತಿಗೆ, ಊರೆಲ್ಲ ನೆಟ್ ಬಳಸುವಾಗ, ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರ ಡಬ್ಬಿಗೆ ಜೋಡಿಸಿ ವೇಗ ನೋಡಿ. 90ರ ಮೇಲೆ ಬಂದರೆ ಕಂಪನಿ ತನ್ನ ಮಾತು ಉಳಿಸಿಕೊಂಡಿದೆ, ಉಳಿದದ್ದು ನಿಮ್ಮ ಗೋಡೆಯ ಕೆಲಸ. 20, 30 ಬಂದರೆ, ಅದೂ ಮೂರು ರಾತ್ರಿ ಹಾಗೇ ಬಂದರೆ, ದೂರು ಕೊಡಿ, ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಪಡೆಯಿರಿ. ಅಲ್ಲಿ ಕೆಲಸ ಆಗದಿದ್ದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕು ನಿಮಗಿದೆ. ರಿಪೇರಿಗೆ ಬಂದವನನ್ನು "ಪವರ್ ಎಷ್ಟು ಬರಾಕತ್ತದ ತಮ್ಮಾ?" ಎಂದು ಕೇಳಿ. ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಅವನ ಕೈಯ ಮೀಟರ್ ಮೈನಸ್ 20ರ ಆಸುಪಾಸು ತೋರಿಸಿದರೆ ಫೈಬರ್ ಚೆನ್ನಾಗಿದೆ. ಮೈನಸ್ 27 ದಾಟಿ ಕೆಳಗಿಳಿದಿದ್ದರೆ ಎಲ್ಲೋ ಫೈಬರ್ ಮಡಚಿದೆ, ಇಲ್ಲವೇ ಜೋಡಣೆ ಸಡಿಲವಾಗಿದೆ. ಅದನ್ನು ಸರಿಮಾಡಿ, ಮತ್ತೆ ಮೀಟರ್ ಹಿಡಿದು ತೋರಿಸಿದ ಮೇಲೆಯೇ ಅವನನ್ನು ಕಳಿಸಿ.