‘ಬರೀ ಆಟ ಆಡಿಸ್ತಾರೆ’ ಎನ್ನುವ ತಾಯಿಯ ಜೊತೆ

ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ ಹೋದಲ್ಲೆಲ್ಲ ಒಂದು ದೂರು ಕೇಳುತ್ತೇನೆ: ‘ತಾಯಂದಿರ ಸಭೆ ಕರೆದರೆ ಯಾರೂ ಬರಲ್ಲ ಮೇಡಂ.’ ಅದೇ ಊರಿನ ತಾಯಂದಿರನ್ನು ಮಾತಾಡಿಸಿದರೆ ಅವರದು ಇನ್ನೊಂದು ದೂರು: ‘ಅಲ್ಲೇನು ಕಲಿಸ್ತಾರೆ? ಬರೀ ಆಟ ಆಡಿಸಿ, ಅನ್ನ ಹಾಕಿ ಕಳಿಸ್ತಾರೆ.’ ಎರಡರ ಬೇರೂ ಒಂದೇ. ನಾವು ಮನೆಯವರನ್ನು ಕರೆಯುವುದು ಏನನ್ನಾದರೂ ಹೇಳುವುದಕ್ಕೆ, ಅವರಿಂದ ತಿಳಿದುಕೊಳ್ಳುವುದಕ್ಕಲ್ಲ.

ಸಮುದಾಯವನ್ನು ಜೊತೆಗೆ ಕರೆದೊಯ್ಯುವ ಏರ್ಪಾಡು ನಮ್ಮಲ್ಲಿ ಇಲ್ಲದೇ ಇಲ್ಲ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟಿದ್ದು ತಿ. ನರಸೀಪುರದಲ್ಲಿ. ಇವತ್ತು ತಾಯಂದಿರು, ಊರಿನವರು ಸೇರಿದ ಬಾಲವಿಕಾಸ ಸಮಿತಿ ಇದೆ, ಸ್ತ್ರೀಶಕ್ತಿ ಗುಂಪುಗಳಿವೆ, ಅಪೌಷ್ಟಿಕತೆ ನೀಗುವ ಪೋಷಣ್ ಅಭಿಯಾನದಡಿ ಸೀಮಂತ, ಅನ್ನಪ್ರಾಶನ ನಡೆಯುತ್ತವೆ. ಆದರೆ ಇವುಗಳಲ್ಲಿ ಬಹುಪಾಲು ಕಡೆ ತಾಯಿ ಬಂದು ಕೂರುತ್ತಾಳೆ, ಅರಿಶಿನ ಕುಂಕುಮ ತೆಗೆದುಕೊಳ್ಳುತ್ತಾಳೆ, ಸಹಿ ಹಾಕುತ್ತಾಳೆ, ಎದ್ದು ಹೋಗುತ್ತಾಳೆ. ತನ್ನ ಮಗುವಿನ ಬಗ್ಗೆ ಅವಳಿಗಿರುವ ತಿಳಿವಳಿಕೆ ಅವಳೊಂದಿಗೇ ಮನೆಗೆ ಹೋಗುತ್ತದೆ.

‘ಬರೀ ಆಟ’ ಎಂಬ ಮಾತನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ ಎಂದು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಪಕ್ಕದ ಬೀದಿಯ ಎಲ್‌ಕೆಜಿ ಮಗು ನೋಟ್‌ಬುಕ್ ತುಂಬಾ ಎಬಿಸಿಡಿ ಬರೆದುಕೊಂಡು ಬರುತ್ತದೆ. ಕೂಲಿ ದುಡ್ಡಿನಲ್ಲಿ ಫೀಸು ಕಟ್ಟುವ ಅಪ್ಪ ಅಮ್ಮನಿಗೆ ಅದು ಕಣ್ಣಿಗೆ ಕಾಣುವ ಕಲಿಕೆ. ನಮ್ಮದು ಕಾಣುವುದಿಲ್ಲ. ಕಾಣದ್ದನ್ನು ಭಾಷಣದಿಂದ ನಂಬಿಸಲಾಗದು.

ಅದಕ್ಕೆ ಭಾಷಣ ಬಿಟ್ಟು ತಾಯಿಯನ್ನು ಅರ್ಧ ಗಂಟೆ ಮಗುವಿನ ಪಕ್ಕದಲ್ಲೇ ಕೂರಿಸಿ. ತೊಗರಿ, ಹುರುಳಿ, ಹುಣಸೆ ಬೀಜ ಬೆರೆಸಿ ಒಂದು ತಟ್ಟೆಗೆ ಹಾಕಿ ‘ಬೇರೆ ಬೇರೆ ಮಾಡು’ ಎನ್ನಿ. ಮಗು ಮೊದಲು ಬಣ್ಣ ನೋಡುತ್ತದೆ, ಆಮೇಲೆ ಗಾತ್ರ, ಅನುಮಾನ ಬಂದ ಕಡೆ ಕೈ ತಡೆಯುತ್ತದೆ. ಆಗ ತಾಯಿಯನ್ನು ಕೇಳಿ: ‘ಇಲ್ಲಿ ಯಾಕೆ ತಡೆದಳು ಅನ್ಸುತ್ತಮ್ಮಾ?’ ಅವಳು ಯೋಚಿಸುತ್ತಾಳೆ. ಹೋಲಿಸುವುದು, ಗುಂಪು ಮಾಡುವುದು, ಎಣಿಸುವುದು ಇವೇ ಗಣಿತದ ಮೊದಲ ಮೆಟ್ಟಿಲು ಎಂದು ಹೇಳುವುದಕ್ಕೆ ಅದು ತಕ್ಕ ಹೊತ್ತು. ಕಾಳು ಎತ್ತುವ ಎರಡು ಬೆರಳ ಹಿಡಿತವೇ ನಾಳೆ ಪೆನ್ಸಿಲ್ ಹಿಡಿಯುವುದು. ನಾಲ್ಕು ವರ್ಷಕ್ಕೆ ಮಣಿಕಟ್ಟಿನ ಎಲುಬುಗಳೇ ಪೂರ್ತಿ ಬಲಿತಿರುವುದಿಲ್ಲ. ಆ ಕೈಗೆ ಪುಟಗಟ್ಟಲೆ ಬರೆಸಿದರೆ ನೋವಾಗುತ್ತದೆ, ಬರವಣಿಗೆಯೇ ಬೇಡವಾಗುತ್ತದೆ. ಇದನ್ನು ಕೇಳಿದ ಮೇಲೆ ಯಾರಾದರೂ ಒಬ್ಬ ತಾಯಿ ‘ನಾನು ಕಾಳು ಹಸನು ಮಾಡುವಾಗ ಇವಳೂ ಪಕ್ಕದಲ್ಲಿ ಕೂತು ಆರಿಸ್ತಾಳೆ’ ಎಂದು ಹೇಳಿಯೇ ಹೇಳುತ್ತಾಳೆ. ಮನೆಯಲ್ಲಿ ಕಲಿಕೆ ಆಗಲೇ ನಡೆದಿದೆ ಎಂಬುದು ಅಲ್ಲಿ ಇಬ್ಬರಿಗೂ ತಿಳಿಯುತ್ತದೆ. ಪಾಲುಗಾರಿಕೆ ಶುರುವಾಗುವುದು ಅಲ್ಲಿಂದ. ‘ಮತ್ತೇನೇನು ಮಾಡ್ತಾಳೆ?’ ಎಂದು ಮುಂದಿನ ಪ್ರಶ್ನೆ ಹಾಕಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ಇನ್ನು ಹೊತ್ತಿನ ವಿಚಾರ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಕೂಲಿ ಹೆಂಗಸಿಗೆ ಒಂದು ದಿನದ ದುಡಿಮೆ ಹೋಯಿತು. ಸಂತೆಯ ದಿನವಂತೂ ಬೇಡವೇ ಬೇಡ. ಎಷ್ಟೋ ಊರುಗಳಲ್ಲಿ ಅಮಾವಾಸ್ಯೆಗೆ, ಕೆಲವೆಡೆ ಸೋಮವಾರ, ಬೇಸಾಯಕ್ಕೆ ಬಿಡುವು. ಆ ದಿನ ಇಟ್ಟರೆ ಅಪ್ಪಂದಿರೂ ಸಿಗುತ್ತಾರೆ. ಬಿಡುವು ಯಾವಾಗ ಎಂದು ಊರನ್ನೇ ಕೇಳಬೇಕು. ಅನೇಕ ಮನೆಗಳಲ್ಲಿ ಮಗುವನ್ನು ಕರೆತರುವವಳು ಅಜ್ಜಿ. ಅವಳನ್ನು ‘ತಾಯಿ ಬರಲಿಲ್ವಾ?’ ಎಂದು ಸ್ವಾಗತಿಸಬಾರದು. ಒಗಟು, ಶಿಶುಪ್ರಾಸ, ಕಥೆ ಅವಳ ಬಳಿ ಇರುವಷ್ಟು ನಮ್ಮ ಯಾವ ಕೈಪಿಡಿಯಲ್ಲೂ ಇಲ್ಲ. ವಾರಕ್ಕೊಂದು ಕಥೆ ಅವಳಿಂದ ಹೇಳಿಸಿದರೆ ಮಕ್ಕಳು ಅಲ್ಲಾಡದೆ ಕೂರುತ್ತಾರೆ.

ತಾಂಡಾದ ಮಗುವಿಗೆ, ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡುವ ಮಗುವಿಗೆ ಮೊದಲ ವಾರಗಳು ಕಷ್ಟ. ಲಂಬಾಣಿ ಮಗು ‘ಪಾಣಿ’ ಎಂದಾಗ ‘ನೀರು ಅನ್ನು’ ಎಂದು ತಿದ್ದುವ ಮೊದಲು ನೀರು ಕೊಡಬೇಕು. ಹಸಿವು, ಹೊಟ್ಟೆನೋವು, ಒಂದಕ್ಕೆ ಬಂತು, ಅಮ್ಮ ಬೇಕು – ಇಷ್ಟಕ್ಕೆ ಆ ಮನೆಯ ಮಾತು ಏನೆಂದು ತಾಯಿಯಿಂದ ಕಲಿತ ಕಾರ್ಯಕರ್ತೆಯ ಬಳಿ ಮಗು ಬೇಗ ಒಗ್ಗುತ್ತದೆ. ಕನ್ನಡ ಆ ನಂಬಿಕೆಯ ಮೇಲೆ ತಾನಾಗಿ ಬರುತ್ತದೆ.

ತೂಕದ ದಿನ ಒಂದು ಎಚ್ಚರ. ಬೆಳವಣಿಗೆ ಚಾರ್ಟ್‌ನಲ್ಲಿ ಮಗುವಿನ ತೂಕ ತೀರಾ ಕಡಿಮೆ ಎಂದು ತೋರಿಸುವ ಗೆರೆಗೆ ಇಳಿದಿದ್ದರೆ ಅದನ್ನು ಎಲ್ಲರೆದುರು ಕೂಗಿ ಹೇಳುವುದು ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ. ಮುಂದಿನ ತಿಂಗಳು ಅವಳು ಬರುವುದಿಲ್ಲ, ಮಗುವೂ ಬರುವುದಿಲ್ಲ. ಅದರ ಬದಲು ಅವಳ ಮನೆಗೆ ಹೋಗಿ ಕೂತು, ‘ಬೆಳಗ್ಗೆ ಏನು ತಿಂದ? ನೀವು ಹೊಲಕ್ಕೆ ಹೋದಾಗ ಯಾರು ನೋಡ್ಕೋತಾರೆ?’ ಎಂದು ವಿಚಾರಿಸಿ. ಕಬ್ಬು ಕಡಿಯಲು ಗುಳೆ ಹೋಗಿ ಬಂದ ಕುಟುಂಬವಾದರೆ ತೂಕ ಇಳಿದ ಕಾರಣ ಬಹುಮಟ್ಟಿಗೆ ಆ ಉತ್ತರದಲ್ಲೇ ಇರುತ್ತದೆ.

ಮೇಲ್ವಿಚಾರಕಿಯರಲ್ಲಿ ನನ್ನದೊಂದು ಕೋರಿಕೆ. ನಡಾವಳಿ ಪುಸ್ತಕದಲ್ಲಿ ಎಷ್ಟು ಸಹಿ, ಎಷ್ಟು ಹೆಬ್ಬೆಟ್ಟು ಎಂದು ಎಣಿಸಿದ ಮೇಲೆ ಇನ್ನೊಂದು ಕಾಲಂ ಗೆರೆ ಎಳೆಯಿಸಿ: ಈ ತಿಂಗಳು ಮನೆಯವರು ಹೇಳಿದ್ದೇನು, ಅದರಿಂದ ಕೇಂದ್ರದಲ್ಲಿ ಬದಲಾದದ್ದೇನು. ಆ ಕಾಲಂ ಮೂರು ತಿಂಗಳು ಖಾಲಿ ಇದ್ದರೆ ಕಾರ್ಯಕರ್ತೆಗೆ ನೋಟಿಸ್ ಕೊಡಬೇಡಿ. ಒಂದು ಅಮಾವಾಸ್ಯೆ ಸಭೆಗೆ ನೀವೂ ಹೋಗಿ ಅವಳ ಜೊತೆ ಕೂರಿ.